ನೀಲಿ ದಾರ ಸುತ್ತಿದ ದನಿ

“ಏನೂ ಸಿಕ್ಕಿಸಿಲ್ಲ ಅಂತ ನೀವು ಹೇಳ್ತೀರಿ. ಹೆಡ್‌ಫೋನ್ ಸಿಕ್ಕಿಸಿದೆ ಅಂತ ಮೆಷಿನ್ ಹೇಳ್ತಿದೆ. ಯಾರೋ ಒಬ್ಬರು ಸುಳ್ಳು ಹೇಳ್ತಿದ್ದೀರಿ. ಮೆಷಿನ್ ಅಂತೂ ಅಲ್ಲ.”

ಅಳಿಯ ಕುರ್ಚಿಯಿಂದ ಅರ್ಧ ಎದ್ದ. “ಮೇಡಂ, ಆ ತೂತು ಖಾಲಿ ಇದೆ. ಕಣ್ಣಿಗೆ ಕಾಣ್ತಾನೇ ಇದೆಯಲ್ಲ!”

“ಕಣ್ಣಿಗೆ ಕಂಡದ್ದನ್ನೆಲ್ಲ ನಂಬೋ ಹಾಗಿದ್ರೆ ನನ್ನ ರಿಪೇರಿ ಅಂಗಡಿ ಯಾವತ್ತೋ ಮುಚ್ಚಬೇಕಿತ್ತು. ಕೂತ್ಕೊಳ್ಳಪ್ಪ.”

ಕೂತ. ಪಾಪ, ನಾಲ್ಕು ದಿನದಿಂದ ಈ ಮನೆಯಲ್ಲಿ ಅವನನ್ನು ಕೂರಿಸುವವರೇ ಹೆಚ್ಚು.

ಲ್ಯಾಪ್‌ಟಾಪ್ ಹೊಲಿಗೆ ಮೆಷಿನ್ನಿನ ಪಕ್ಕ, ಕತ್ತರಿಸಿಟ್ಟ ಸ್ಕೂಲ್ ಯೂನಿಫಾರಂ ಬಟ್ಟೆಗಳ ನಡುವೆ ಕೂತಿತ್ತು. ಎದುರಿಗೆ ಆರಾಮಕುರ್ಚಿಯಲ್ಲಿ ಅನೌನ್ಸರ್. ಅರ್ಧ ಆಯುಷ್ಯ ರೈಲ್ವೆ ಸ್ಟೇಷನ್ನಿನ ಮೈಕಿನ ಮುಂದೆ ಕಳೆದ ಮನುಷ್ಯ. ಊರಿನ ಅರ್ಧ ಜನಕ್ಕೆ ಅವರ ಮುಖ ಗೊತ್ತಿಲ್ಲ, ದನಿ ಗೊತ್ತಿಲ್ಲದವರು ಒಬ್ಬರೂ ಇಲ್ಲ. ಹೋದ ವರ್ಷ ಗಂಟಲಿನ ಆಪರೇಷನ್‌ನಲ್ಲಿ ಆ ದನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಈಗ ಕುತ್ತಿಗೆಯಲ್ಲಿ ಉಸಿರಾಡುವ ತೂತಿಗೆ ಒಂದು ಬಿಳಿ ಕರವಸ್ತ್ರ, ತೊಡೆಯ ಮೇಲೆ ಎರಡು ಕೈ, ಅಷ್ಟೇ.

ಆಪರೇಷನ್ನಿಗೆ ಮೊದಲು ಅಳಿಯ ಒಂದು ಒಳ್ಳೆ ಕೆಲಸ ಮಾಡಿದ್ದ. ಮಾವನನ್ನು ಮೈಕಿನ ಮುಂದೆ ಕೂರಿಸಿ, ಸಾಲುಸಾಲು ವಾಕ್ಯ ಓದಿಸಿ, ರೆಕಾರ್ಡ್ ಮಾಡಿ, ಆ ದನಿಯನ್ನು ಈ ಹಳೇ ಲ್ಯಾಪ್‌ಟಾಪಿಗೆ ಕಲಿಸಿದ್ದ. ಅನೌನ್ಸರ್ ಟೈಪ್ ಮಾಡಿದರೆ ಅದು ಅವರದೇ ದನಿಯಲ್ಲಿ ಮಾತಾಡುತ್ತಿತ್ತು. ನಾಲ್ಕು ದಿನದ ಹಿಂದೆ ಅಳಿಯ ಸಿಸ್ಟಂಗೆ ಹೊಸ ಆವೃತ್ತಿ ಹಾಕಿದ. ಅದೇ ಸಂಜೆ ಲ್ಯಾಪ್‌ಟಾಪ್ ಮೂಕವಾಯಿತು. ಅತ್ತೆ ಅಳಿಯನ ಜೊತೆ ಮಾತು ಬಿಟ್ಟರು.

ಸೌಂಡ್ ಚಿಪ್ ನಡೆಸುವ ಡ್ರೈವರ್ ಸಾಫ್ಟ್‌ವೇರ್ ಸರಿ ಇದೆ, ಚಿಪ್ಪೂ ಜೀವಂತ ಇದೆ ಅಂತ ಮೊನ್ನೆಯೇ ಪತ್ತೆ ಮಾಡಿದ್ದೆ. ಹಾಗಿದ್ದರೆ ಹೊರಟ ದನಿ ಹೋಗುತ್ತಿರುವುದು ಎಲ್ಲಿಗೆ?

ಈ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಯುನಿಕ್ಸ್ ವಂಶದ ಆಪರೇಟಿಂಗ್ ಸಿಸ್ಟಂ. ನನಗೆ ಆ ವಂಶದ ಸ್ವಭಾವ ಇಷ್ಟ. ಸುಮ್ಮಸುಮ್ಮನೆ ಬಾಯಿ ಬಿಡಲ್ಲ, ಚಂದದ ಚಿತ್ರ ತೋರಿಸಿ ಮಳ್ಳು ಮಾಡಲ್ಲ. ಸರಿಯಾಗಿ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೆ. ಕಪ್ಪು ಪರದೆಯ ಮೇಲೆ ಒಂದೊಂದೇ ಪ್ರಶ್ನೆ ಕೇಳಿದೆ. ಸ್ಪೀಕರ್? ಚಾಲೂ ಇದೆ. ದನಿ ಎಷ್ಟು? ಪೂರ್ತಿ. ಹೆಡ್‌ಫೋನ್? ಸಿಕ್ಕಿಸಿದೆ.

ಅದನ್ನೇ ನೋಡಿ ನನ್ನ ಕಿವಿ ನಿಮಿರಿದ್ದು. ಹೆಡ್‌ಫೋನ್ ಸಿಕ್ಕಿಸಿದರೆ ಈ ಮಾದರಿಯ ಲ್ಯಾಪ್‌ಟಾಪ್ ಸ್ಪೀಕರಿನ ತಂತಿಯನ್ನೇ ಒಳಗಿಂದ ಕತ್ತರಿಸಿ ಕೂರುತ್ತೆ. ಆಮೇಲೆ ಸಿಸ್ಟಂ ಎಷ್ಟು ಬೇಡಿಕೊಂಡರೂ ಅಷ್ಟೇ. ಅಂದರೆ ಅನೌನ್ಸರ್ ನಾಲ್ಕು ದಿನದಿಂದ ಮಾತಾಡುತ್ತಲೇ ಇದ್ದರು, ಇಲ್ಲದ ಹೆಡ್‌ಫೋನಿನಲ್ಲಿ.

“ಬೇರೆ ಸ್ಪೀಕರ್ ಸಿಕ್ಕಿಸಿದ್ರೆ?” ಅಂದ ಅಳಿಯ.

“ನಿನ್ನೆ ನಾನು ತಂದ ಸ್ಪೀಕರ್ ಡಬ್ಬಿನ ಇದು ಗುರುತೇ ಹಿಡೀಲಿಲ್ವಲ್ಲ. ಬ್ಲೂಟೂತ್ ಅಂದ್ರೆ ಏನು ಅಂತ ಈ ಸಿಸ್ಟಂಗೆ ಗೊತ್ತಿಲ್ಲ. ಇನ್ನೊಂದು ಲ್ಯಾಪ್‌ಟಾಪಿಗೆ ದನಿ ಎತ್ತಿ ಹಾಕೋಕೆ ಆಗುತ್ತಾ?”

“ಹೊಂದಿಸೋಕೆ ಎರಡು ದಿನ ಬೇಕು. ದನಿದಾಗ್ಲಿ ರೆಕಾರ್ಡಿಂಗಿನದಾಗ್ಲಿ ಕಾಪಿನೂ ಇಲ್ಲ. ನನ್ನ ದನಿ ಒಂದೇ ಕಡೆ ಇರ್ಲಿ ಅಂದ್ರು ಮಾವ.”

ಎರಡು ದಿನ ಯಾರ ಹತ್ತಿರವೂ ಇರಲಿಲ್ಲ. ಅನೌನ್ಸರರ ಅಕ್ಕನಿಗೆ ನಾಳೆ ಬೆಳಿಗ್ಗೆ ಹೃದಯದ ಆಪರೇಷನ್. ಅವರಿಗೆ ಕಣ್ಣು ಕಾಣದೆ ವರ್ಷಗಳಾದವು, ತಮ್ಮ ಬರೆದದ್ದು ಓದಲಾರರು. ಮೊನ್ನೆಯವರೆಗೆ ಎಲ್ಲದಕ್ಕೂ ಹೂಂ ಅಂದಿದ್ದವರು ನಿನ್ನೆ ಸಂಜೆಯಿಂದ ಇದ್ದಕ್ಕಿದ್ದಂತೆ ಹಠ ಹಿಡಿದಿದ್ದರು. “ನನ್ನ ತಮ್ಮನ ಹತ್ರ ಮಾತಾಡಬೇಕು. ಅವನ ಬಾಯಿಂದ ಕೇಳದೆ ನಾನು ಒಪ್ಪಲ್ಲ. ಬೇರೆಯವರು ಓದಿ ಹೇಳೋದು ಬೇಡ.” ಆಸ್ಪತ್ರೆಯಲ್ಲಿ ಜೊತೆಗಿದ್ದ ಅನೌನ್ಸರ್ ಮಗಳು ಬೆಳಿಗ್ಗೆಯಿಂದ ಫೋನಿನ ಮೇಲೆ ಫೋನು. ಇವತ್ತು ಸಂಜೆ ಡಾಕ್ಟರು ಹೊರಡುವುದರೊಳಗೆ ಒಪ್ಪದಿದ್ದರೆ ಆಪರೇಷನ್ ಮುಂದಕ್ಕೆ, ಮುಂದಕ್ಕೆ ಹೋದರೆ ಆ ಹೃದಯ ಕಾಯುತ್ತದೆ ಅಂತ ಯಾರೂ ಮಾತು ಕೊಡಲ್ಲ.

ಅನೌನ್ಸರ್ ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡು ಟೈಪ್ ಮಾಡಿದರು. ಪರದೆಯಲ್ಲಿ ಓದಿಕೊಂಡೆ: ಅಕ್ಕ ಕಾಯ್ತಿದ್ದಾಳೆ. ಆಗುತ್ತಾ?

“ಆಗಿಸೋಣ ಸರ್,” ಅಂದೆ. ನನ್ನಲ್ಲಿ ಇಲ್ಲದ ಧೈರ್ಯವನ್ನೂ ದನಿಗೆ ಸೇರಿಸಿಯೇ ಅಂದೆ.

ಟಾರ್ಚ್ ಹಾಕಿ ಹೆಡ್‌ಫೋನ್ ತೂತಿನೊಳಗೆ ಕಣ್ಣಿಟ್ಟೆ. ಮೊದಲು ಕತ್ತಲೆ. ಲ್ಯಾಪ್‌ಟಾಪ್ ಸ್ವಲ್ಪ ಓರೆ ಮಾಡಿದೆ. ತಳದಲ್ಲಿ ಏನೋ ಚಿನ್ನದ ಬಣ್ಣದ್ದು ಮಿಣಕ್ ಅಂತು. ಮುರಿದ ಪಿನ್ನಿನ ತುದಿ! ಹೆಡ್‌ಫೋನಿನ ಪಿನ್ನು ಒಳಗೇ ಮುರಿದು, ತುದಿ ಅಲ್ಲೇ ಕೂತಿದೆ. ಅಲ್ಲಿಗೆ ಅಳಿಯ ಹಾಕಿದ ಹೊಸ ಆವೃತ್ತಿಯದು ಕೂದಲಷ್ಟೂ ತಪ್ಪಿಲ್ಲ.

“ಈ ಮನೇಲಿ ಹೆಡ್‌ಫೋನ್ ಯಾರ ಹತ್ರ ಇದೆ?”

ಅಳಿಯ ಜೇಬಿನಿಂದ ತನ್ನದು ತೆಗೆದು ಮುಂದಿಟ್ಟ. ಪಿನ್ನು ಇಡಿಯಾಗಿ, ನೆಟ್ಟಗಿತ್ತು. ಅನೌನ್ಸರ್ ಅಡ್ಡಡ್ಡ ತಲೆ ಆಡಿಸಿದರು.

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಸೆರಗಿನಿಂದ ಕೈ ಒರೆಸಿಕೊಂಡರು. “ನಾನು ಅದರ ಧೂಳು ಒರೆಸ್ತೀನಿ, ಅಷ್ಟೇ ಕಣಮ್ಮ. ಅಳಿಯಂದ್ರು ಓದಿಕೊಂಡವರು, ಅವರಿಗೆ ಗೊತ್ತಿಲ್ಲದ್ದು ನಂಗೇನು ಗೊತ್ತು.”

ಅತ್ತೆ ಕೊಡುವ ಮರ್ಯಾದೆ ಹೆಚ್ಚಾದಷ್ಟೂ ಅಳಿಯನ ಕುರ್ಚಿ ಬಿಸಿಯಾಗುತ್ತಿತ್ತು.

ಮತ್ತೆ ತೂತಿಗೆ ಕಣ್ಣಿಟ್ಟೆ. ಪಿನ್ನಿನ ಕತ್ತಿನ ಬಳಿ ಇನ್ನೇನೋ ಇತ್ತು. ಮೊದಲು ಧೂಳಿನ ಎಳೆ ಅಂದುಕೊಂಡೆ. ಟಾರ್ಚ್ ಹತ್ತಿರ ತಂದಾಗ ಬಣ್ಣ ಕಂಡಿತು. ನೀಲಿ. ದಾರ.

ನಾನು ಟಾರ್ಚ್ ಆರಿಸಿ, ಸುಮ್ಮನೆ ಕೂತು ಕೋಣೆ ನೋಡಿದೆ. ಹೊಲಿಗೆ ಮೆಷಿನ್ನಿನ ಬಾಬಿನ್ ಸುತ್ತುವ ಕಡ್ಡಿಗೆ ನೀಲಿ ದಾರದ ಬಿಗಿಯಾದ ಎರಡು ಸುತ್ತು. ಕತ್ತರಿಯ ಹಿಡಿಗೆ ದಾರ. ಟೀ ಪಾತ್ರೆಯ ಮುಚ್ಚಳದ ಗುಬಟಿಗೆ ದಾರ. ಅನೌನ್ಸರ್ ಕನ್ನಡಕದ ಕಾಲಿಗೂ ದಾರ. ಈ ಮನೆಯಲ್ಲಿ ಸಡಿಲವಾದದ್ದಕ್ಕೆಲ್ಲ ಒಂದೇ ಮದ್ದು, ಆ ಮದ್ದು ಕೊಡುವ ಕೈಯೂ ಒಂದೇ.

ಅಯ್ಯೋ ದೇವರೇ, ಅನ್ನಿಸಿತು. ಕಳ್ಳ ಸಿಕ್ಕಾಗ ಖುಷಿಯಾಗಬೇಕು. ನನಗೆ ಆಗಲಿಲ್ಲ.

“ಅಳಿಯಂದ್ರೇ, ಸರ್‌ನ ಸ್ವಲ್ಪ ಹೊರಗೆ ಗಾಳಿಗೆ ಕರ್ಕೊಂಡು ಹೋಗಿ. ನಾನು ಬ್ಯಾಟರಿ ಬಿಚ್ಚಬೇಕು. ಮೂಗಿನ ಕೆಳಗೆ ಜನ ಕೂತಿದ್ರೆ ನಂಗೆ ಕೈ ಓಡಲ್ಲ.”

ಇಬ್ಬರೂ ಮೆಟ್ಟಿಲ ಕಡೆ ಹೋದರು. ನಾನು ಬ್ಯಾಟರಿ ಮುಟ್ಟಲಿಲ್ಲ.

“ಅಮ್ಮ, ಈ ಕಡ್ಡಿಗೆ ದಾರ ಯಾಕೆ ಸುತ್ತಿದ್ದೀರಿ?”

“ಅದಾ? ಸವೆದು ಸಡಿಲ ಆಗಿದೆ. ಬಾಬಿನ್ ನಿಲ್ಲಲ್ಲ. ಎರಡು ಸುತ್ತು ಸುತ್ತಿ ಗಂಟು ಹಾಕಿದ್ರೆ ಕಚ್ಚಿಕೊಂಡು ಕೂರುತ್ತೆ.”

“ಇಯರ್‌ಫೋನಿನ ಪಿನ್ನೂ ಸಡಿಲ ಇತ್ತಾ?”

ಅವರು ಕೈಯಲ್ಲಿದ್ದ ಕಾಲರ್ ಪಟ್ಟಿಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಆಮೇಲೆ ಎದ್ದು ಗುಂಡಿಗಳ ಡಬ್ಬಿ ತಂದು, ಗುಂಡಿಗಳ ಅಡಿಯಿಂದ ಒಂದು ಹಳೇ ಇಯರ್‌ಫೋನ್ ಎಳೆದು ನನ್ನ ಮುಂದಿಟ್ಟರು. ಪಿನ್ನಿನ ಮೇಲೆ ನೀಲಿ ದಾರದ ಸುತ್ತು, ತುದಿ ಇಲ್ಲ.

“ಮಗಳು ಕಾಲೇಜಿಗೆ ಹೋಗ್ತಿದ್ದಾಗಿಂದು. ಸಿಕ್ಕಿಸಿದ್ರೆ ಜಾರಿ ಜಾರಿ ಬರ್ತಿತ್ತು, ಒಂದೇ ಕಿವೀಲಿ ಕೇಳ್ತಿತ್ತು. ಅದಕ್ಕೆ ಸುತ್ತಿದೆ. ಆವತ್ತು ಬಿಗಿ ಜಾಸ್ತಿ ಆಯ್ತು ಅನ್ಸುತ್ತೆ. ಅಂಗಳದಲ್ಲಿ ಇವರ ಚಪ್ಪಲಿ ಸದ್ದು ಕೇಳ್ತು, ಗಾಬರೀಲಿ ಎಳೆದೆ. ಟಕ್ ಅಂತು.”

“ಏನು ಕೇಳ್ತಿದ್ರಿ ಅಮ್ಮ?”

“ಇವರನ್ನೇ.”

ಕೋಪ ಬಂದಿತ್ತು ನನಗೆ, ಸುಳ್ಳು ಹೇಳಲಾರೆ. ನಾಲ್ಕು ದಿನ ಆ ಹುಡುಗನ ತಲೆಗೆ ಕಟ್ಟಿದ್ದರು. ಆದರೆ ಆ “ಇವರನ್ನೇ” ಕೇಳಿದ ಮೇಲೆ ಕೋಪ ಎಲ್ಲಿ ಇಡಲಿ ಅಂತ ತಿಳಿಯಲಿಲ್ಲ.

“ದಿನಾ ಆ ಸ್ಪೀಕರಿನಲ್ಲೇ ಮಾತಾಡ್ತಿದ್ರಲ್ಲಮ್ಮ?”

“ಮಾತಾಡ್ತಿದ್ರು. ಅವರದೇ ದನಿ, ಅಲ್ಲ ಅನ್ನಲ್ಲ. ಆದ್ರೆ ರೈಲು ಕೂಗಿದ ಹಾಗೆ ಕೂಗ್ತಾರೆ ಕಣಮ್ಮ. ಊಟಕ್ಕೆ ಉಪ್ಪು ಕಮ್ಮಿ ಅಂದ್ರೂ ಎರಡನೇ ಪ್ಲಾಟ್‌ಫಾರಂಗೆ ಏನೋ ಬಂತು ಅನ್ಸುತ್ತೆ.” ನಗು ಬಂತು ಅವರಿಗೆ. ಕಣ್ಣೂ ತುಂಬಿತು. “ಅಳಿಯಂದ್ರು ರೆಕಾರ್ಡ್ ಮಾಡಿದ್ರಲ್ಲ, ಅದರಲ್ಲಿ ನಿಲ್ಲಿಸೋದು ಮರೆತು ಹಾಗೇ ಓಡಿದ್ದು ಕೆಲವು ಇದಾವೆ. ಮಗಳು ಒಂದ್ಸಲ ತೆಗೆದು ತೋರಿಸಿದ್ಲು. ಅದರಲ್ಲಿ ಕೆಮ್ತಾರೆ. ತಪ್ಪು ಓದಿ ನಗ್ತಾರೆ. ‘ನೀರು ಕೊಡೇ’ ಅಂತ ನನ್ನ ಕರೀತಾರೆ. ಮಧ್ಯಾಹ್ನ ಇವರು ಅಡ್ಡಾಡೋಕೆ ಹೋದಾಗ ಕೇಳ್ತಿದ್ದೆ. ಇವರಿಗೆ ಗೊತ್ತಾದ್ರೆ ಈಗಿನ ನಾನು ಸಾಲದಾ ಅಂದುಕೊಳ್ತಾರೆ ಅಂತ ಹೆದರಿಕೆ.”

ನಾನು ಅವರ ಕೈ ಹಿಡಿದುಕೊಂಡೆ. ಬೆರಳ ತುದಿಗಳೆಲ್ಲ ಸೂಜಿ ಚುಚ್ಚಿ ಒರಟಾಗಿದ್ದವು.

“ಒಂದರಲ್ಲಿ ಅತ್ತಿಗೆಗೆ ಫೋನ್ ಮಾಡಿದ್ದೂ ಇದೆ,” ಅಂದರು ಮೆಲ್ಲಗೆ. “ಆಸ್ಪತ್ರೆಗೆ ಸೇರೋ ಹಿಂದಿನ ದಿನದ್ದು. ‘ಆಪರೇಷನ್ ಬೇಡ ಅಕ್ಕ, ನಂಗೆ ಭಯ ಆಗುತ್ತೆ’ ಅಂತ ಅಳ್ತಾರೆ. ನನ್ನೆದುರಿಗೆ ಒಂದು ದಿನ ಅತ್ತವರಲ್ಲ. ಅತ್ತಿಗೆ ಆವತ್ತು ಧೈರ್ಯ ಹೇಳಿದ್ದಕ್ಕೇ ಇವರು ಒಳಗೆ ಹೋದ್ರು. ಆಮೇಲೆ ಕೆಮ್ಮಿ ನನ್ನ ಹತ್ರ ನೀರು ಕೇಳ್ತಾರೆ. ನಾನು ಲೋಟ ಇಟ್ಟ ಸದ್ದೂ ಅದರಲ್ಲಿದೆ.”

“ಇದು ಯಾರಿಗೆಲ್ಲ ಗೊತ್ತು?”

“ಫೋನಿಂದು ನಂಗೊಬ್ಬಳಿಗೇ. ಇವತ್ತು ನಿಂಗೂ ಹೇಳಿದೆ. ಇವರು ಅತ್ತದ್ದು ಯಾರಿಗೂ ಗೊತ್ತಾಗೋದು ಬೇಡಮ್ಮ.”

ಕಿಟಕಿಯ ಬಿಸಿಲು ಗೋಡೆ ಏರಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಕೋಟು ಹಾಕಿಕೊಳ್ಳುವ ಹೊತ್ತು ಹತ್ತಿರವಾಗುತ್ತಿತ್ತು.

ನನ್ನ ಚಿಮುಟ ತೆಗೆದು ತುದಿ ಹಿಡಿಯಲು ನೋಡಿದೆ. ಜಾರಿತು. ಮತ್ತೆ ನೋಡಿದೆ, ಇನ್ನೂ ಒಳಕ್ಕೆ ಸರಿಯಿತು. ಬೆವರು ಕಣ್ಣಿಗಿಳಿಯಿತು. ಈ ಲ್ಯಾಪ್‌ಟಾಪ್ ಬಿಚ್ಚಿ ಹಿಂದಿನಿಂದ ತಳ್ಳಬಹುದು, ಆದರೆ ಆ ತೂತಿನ ಭಾಗ ಬೋರ್ಡಿನ ಅಡಿಗಿದೆ, ಎಲ್ಲ ಕಳಚಿ ಮತ್ತೆ ಜೋಡಿಸುವಷ್ಟರಲ್ಲಿ ಕತ್ತಲಾಗುತ್ತದೆ.

“ಕೊಡಿಲ್ಲಿ,” ಅಂದರು ಅಮ್ಮ. “ಅದರ ಕತ್ತಿಗೆ ಗಂಟು ಹಾಕಿದ್ದು ನಾನು. ಬಿಡಿಸ್ಕೊಳ್ಳೋ ದಾರಿ ಇಟ್ಟೇ ಗಂಟು ಹಾಕೋದು ನಾನು, ಬಾಬಿನ್ನಿಗೆ ಹಾಕೋ ಹಾಗೆ. ಒಂದು ಬಾಲ ಬಿಟ್ಟಿರ್ತೀನಿ.”

ನಾನು ಟಾರ್ಚ್ ಹಿಡಿದೆ. ಅವರು ಹೆಣಿಗೆಯ ಸಣ್ಣ ಕೊಕ್ಕೆ ಕಡ್ಡಿಯನ್ನು ತೂತಿಗೆ ಇಳಿಸಿದರು. ಉಸಿರು ಬಿಗಿಹಿಡಿದಿದ್ದರು. ಕೊಕ್ಕೆಗೆ ದಾರದ ಬಾಲ ಸಿಕ್ಕಿತು. ಎಳೆಯಲಿಲ್ಲ, ಸುಮ್ಮನೆ ತಮ್ಮ ಕಡೆ ಬರಿಸಿಕೊಂಡರು, ಮೊಂಡು ಮಗುವನ್ನು ಮಂಚದ ಕೆಳಗಿಂದ ಕರೆಯುವ ಹಾಗೆ. ಚಿನ್ನದ ಬಣ್ಣದ ತುದಿ ನೀಲಿ ದಾರಕ್ಕೆ ನೇತುಬಿದ್ದು ಹೊರಗೆ ಬಂತು.

ನಾನು ಪರದೆಯ ಮೇಲೆ ಮತ್ತೆ ಅದೇ ಪ್ರಶ್ನೆ ಕೇಳಿದೆ. ಹೆಡ್‌ಫೋನ್? ಸಿಕ್ಕಿಸಿಲ್ಲ.

“ಶಹಭಾಷ್ ಅಮ್ಮ!” ಅಂತ ಕೂಗೇ ಬಿಟ್ಟೆ. ಕೂಗಿಗೆ ಹೊರಗಿದ್ದ ಇಬ್ಬರೂ ಓಡಿ ಬಂದರು.

ಅಮ್ಮ ಆ ತುದಿಯನ್ನು ಅಂಗೈಯಲ್ಲಿಟ್ಟು ಅಳಿಯನ ಮುಂದೆ ಹಿಡಿದರು. “ನಾನೇ ಮುರಿದದ್ದು. ಇವರು ಮೊದಲು ಕೆಮ್ತಿದ್ದದ್ದು, ನೀರು ಕೊಡೇ ಅಂತಿದ್ದದ್ದು ಎಲ್ಲ ಕದ್ದು ಕೇಳ್ತಿದ್ದೆ. ಹೇಳೋಕೆ ನಾಚಿಕೆ ಆಯ್ತು, ನಿಮ್ಮ ತಲೆಗೆ ಕಟ್ಟಿದೆ. ತಪ್ಪಾಯ್ತು.”

ಅಳಿಯ ಒಂದು ಕ್ಷಣ ಅವರನ್ನೇ ನೋಡಿದ. “ಅತ್ತೆ, ಮೊದ್ಲೇ ಹೇಳಿದ್ರೆ ಒಳ್ಳೆ ಇಯರ್‌ಫೋನೇ ತಂದುಕೊಡ್ತಿದ್ನಲ್ಲ.” ತುದಿಯನ್ನು ಅವರ ಅಂಗೈಯಿಂದ ಎತ್ತಿಕೊಂಡ. “ನಾಲ್ಕು ದಿನದಿಂದ ನಂಗೆ ಸಾರಿಗೆ ಉಪ್ಪೂ ಹಾಕಿಲ್ಲ ನೀವು.”

“ಹಾಕ್ತೀನಿ ಬಿಡಿ,” ಅಂದರು ಅವರು, ಮೂಗೆಳೆದುಕೊಂಡು.

ಅನೌನ್ಸರ್ ಮಾತ್ರ ಹೆಂಡತಿಯನ್ನು ನೋಡುತ್ತಲೇ ಇದ್ದರು. ಆಮೇಲೆ ಲ್ಯಾಪ್‌ಟಾಪಿನ ಮುಂದೆ ಕೂತು, ಎರಡೇ ಪದ ಟೈಪ್ ಮಾಡಿ ಗುಂಡಿ ಒತ್ತಿದರು.

“ನೀರು ಕೊಡೇ,” ಅಂತು ಲ್ಯಾಪ್‌ಟಾಪ್.

ರೈಲು ಕೂಗಿದ ಹಾಗೇ ಇತ್ತು. ನಿಜ. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದರು. ನಗುತ್ತಿದ್ದರೋ ಅಳುತ್ತಿದ್ದರೋ, ಬೆನ್ನು ನೋಡಿ ಹೇಳಲಾಗಲಿಲ್ಲ. ನೀರಂತೂ ತಂದರು. ಅನೌನ್ಸರ್ ಲೋಟ ಖಾಲಿ ಮಾಡುವವರೆಗೆ ಪಕ್ಕದಲ್ಲೇ ನಿಂತಿದ್ದರು.

“ಫೋನ್ ಹಚ್ಚಪ್ಪ,” ಅಂದೆ ಅಳಿಯನಿಗೆ. “ಹೊತ್ತಾಯ್ತು.”

ಆಚೆ ಬದಿಯಲ್ಲಿ ಮಗಳು ಎತ್ತಿದಳು. “ಸರಿ ಹೋಯ್ತಾ? ನಿಜವಾಗ್ಲೂ? ಅಪ್ಪಾ, ಇರಿ, ಅತ್ತೆ ಕಿವಿಗೆ ಇಡ್ತೀನಿ. ಡಾಕ್ಟರು ಇಲ್ಲೇ ಬಾಗಿಲಲ್ಲಿದ್ದಾರೆ.”

ಅಳಿಯ ಫೋನನ್ನು ಸ್ಪೀಕರಿಗೆ ಹಾಕಿ ಲ್ಯಾಪ್‌ಟಾಪಿನ ಪಕ್ಕ ಇಟ್ಟ. ಅನೌನ್ಸರ್ ಒಂದೊಂದೇ ಅಕ್ಷರ ನೋಡಿ ನೋಡಿ ಟೈಪ್ ಮಾಡಿದರು. ಗುಂಡಿ ಒತ್ತುವ ಮುಂಚೆ ಕುತ್ತಿಗೆಯ ಕರವಸ್ತ್ರ ಸರಿಮಾಡಿಕೊಂಡರು, ಹಳೇ ಅಭ್ಯಾಸ ಇರಬೇಕು.

“ಅಕ್ಕ, ನಾನು ಮಾತಾಡ್ತಿದ್ದೀನಿ. ಹೆದರಬೇಡ. ಧೈರ್ಯವಾಗಿ ಒಳಗೆ ಹೋಗು. ನೀನು ಹೊರಗೆ ಬರುವಾಗ ನಾನು ಅಲ್ಲೇ ಇರ್ತೀನಿ.”

ಆಚೆ ಕಡೆ ಯಾವುದೋ ಯಂತ್ರ ಪೀಂ ಪೀಂ ಅನ್ನುತ್ತಿತ್ತು. ನಾವೆಲ್ಲ ಫೋನಿನ ಮೇಲೆ ಬಗ್ಗಿದ್ದೆವು. ಕೊನೆಗೆ ಮುದುಕಿಯ ತೆಳ್ಳನೆಯ ದನಿ ಬಂತು.

“ಇದೇನೋ ಪುಟ್ಟಾ? ನಿನ್ನೆ ಒಂದು ಹೇಳ್ತೀಯ, ಇವತ್ತು ಒಂದು ಹೇಳ್ತೀಯ?”

ಅನೌನ್ಸರ್ ನನ್ನ ಮುಖ ನೋಡಿದರು. ನಾನು ಅಳಿಯನ ಮುಖ ನೋಡಿದೆ.

“ನಿನ್ನೆ ಯಾರೂ ಫೋನ್ ಮಾಡಿಲ್ಲ ಅತ್ತೆ,” ಅನ್ನುತ್ತಿದ್ದಳು ಮಗಳು. “ಅಪ್ಪನ ಲ್ಯಾಪ್‌ಟಾಪ್ ಕೆಟ್ಟಿತ್ತು. ನಾಲ್ಕು ದಿನದಿಂದ ಮಾತೇ ಇಲ್ಲ.”

“ನೀನು ಕ್ಯಾಂಟೀನಿಗೆ ಹೋಗಿದ್ದೆ. ವಾರ್ಡಿಗೆ ಫೋನ್ ಬಂತು, ನರ್ಸ್ ಎತ್ತಿ ನನ್ನ ಕಿವಿಗೆ ಇಟ್ಲು. ನನ್ನ ತಮ್ಮನ ದನಿ ನಂಗೆ ಗೊತ್ತಿಲ್ವಾ? ‘ಆಪರೇಷನ್ ಬೇಡ ಅಕ್ಕ, ನಂಗೆ ಭಯ ಆಗುತ್ತೆ’ ಅಂದ. ಆವತ್ತು ತನಗೆ ಆದಾಗ ಅತ್ತ ಹಾಗೇ ಅತ್ತ. ನನಗೋಸ್ಕರ ಅತ್ತ. ಇಷ್ಟು ಅಳೋನನ್ನ ಬಿಟ್ಟು ನಾನು ಹೇಗೆ ಒಳಗೆ ಹೋಗ್ಲಿ?”

ನನ್ನ ಹಿಂದೆ ಏನೋ ಬಿತ್ತು. ತಿರುಗಿದೆ. ಅಮ್ಮನ ಕೈಯಿಂದ ಖಾಲಿ ಲೋಟ ಜಾರಿ ನೆಲದಲ್ಲಿ ಉರುಳುತ್ತಿತ್ತು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನನ್ನೇ ನೋಡುತ್ತಾ ಇಲ್ಲ, ಇಲ್ಲ ಅಂತ ತಲೆ ಆಡಿಸಿದರು.

ನಂಬಬೇಕು ಅಂತಲೇ ನನ್ನ ಮನಸ್ಸು. ಆದರೆ ಅಕ್ಕ ನಿನ್ನೆ ಕೇಳಿದ್ದು ಆ ಹಳೇ ರೆಕಾರ್ಡಿಂಗನ್ನೇ, ಅದು ಗೊತ್ತಿದ್ದವರು ಅವರೊಬ್ಬರೇ ಅಂತ ಈಗ ತಾನೇ ಅವರ ಬಾಯಿಂದಲೇ ಕೇಳಿದ್ದೆ. ಈ ಲ್ಯಾಪ್‌ಟಾಪಂತೂ ನಿನ್ನೆ ಮೂಕವಾಗಿತ್ತು, ಅದಕ್ಕೆ ನಾನೇ ಸಾಕ್ಷಿ. ಇಲ್ಲ ಅಂತಿದ್ದ ಆ ರೆಕಾರ್ಡಿಂಗಿನ ಕಾಪಿ ಎಲ್ಲೋ ಇದೆ. ಯಾರದೋ ಕೈಯಲ್ಲಿದೆ. ಆ ಕೈಗೆ ಅಕ್ಕನ ವಾರ್ಡಿನ ಫೋನ್ ನಂಬರೂ ಗೊತ್ತಿದೆ.

ಅನೌನ್ಸರ್ ಆಗಲೇ ಟೈಪ್ ಮಾಡುತ್ತಿದ್ದರು. ತಪ್ಪು ಅಕ್ಷರ ಒತ್ತಿ, ಅಳಿಸಿ, ಮತ್ತೆ ಒತ್ತಿದರು.

“ಅದು ನಾನಲ್ಲ ಅಕ್ಕ,” ಅಂತು ಅವರ ದನಿ, ಸ್ಪಷ್ಟವಾಗಿ, ಒಂದು ಅಕ್ಷರವೂ ಅಲುಗದೆ. “ನಾನು ನಿನ್ನೆ ಮಾತಾಡಿಲ್ಲ. ದಯವಿಟ್ಟು ಒಳಗೆ ಹೋಗು.”

“ದನಿ ಅದೇ,” ಅಂದರು ಅಕ್ಕ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು. “ಇಬ್ಬರದ್ದೂ ಅದೇ ದನಿ.”

ಬಾಗಿಲ ಬಳಿಯಿಂದ ಇರಬೇಕು, ಒಂದು ಗಂಡಸಿನ ದನಿ ಕೇಳಿಸಿತು: “ಏನು ತೀರ್ಮಾನ ಆಯ್ತಮ್ಮ? ನಾನು ಹೊರಡಬೇಕು.”

ಅನೌನ್ಸರ್ ಬೆರಳುಗಳು ಕೀಲಿಮಣೆಯ ಮೇಲೆ ಹಾಗೇ ನಿಂತವು. ಬಾಯಿ ತೆರೆದರು. ಗಾಳಿಯೂ ಅಲ್ಲಿಂದ ಬರಲಿಲ್ಲ.

“ನಿನ್ನೆಯವನು ಅತ್ತ, ಕೆಮ್ಮಿದ, ನೀರು ಕೇಳಿದ,” ಅಂದರು ಅಕ್ಕ. “ನೀನು ಉಸಿರೂ ತಗೊಳ್ತಿಲ್ಲ. ನಿಮ್ಮಿಬ್ಬರಲ್ಲಿ ನನ್ನ ತಮ್ಮ ಯಾರೋ?”